ತಂಡ ಗೆದ್ದರೂ ಬಾಜಿ ಸೋಲುವುದೇಕೆ? ಕ್ರೀಡಾ ಬೆಟ್ಟಿಂಗ್ ಲೆಕ್ಕ ಚುಕ್ತಾ ಆಗುವುದು ಹೀಗೆ

2022ರ ಡಿಸೆಂಬರ್ 18. ಕತಾರ್‌ನ ಲುಸೈಲ್ ಕ್ರೀಡಾಂಗಣದಲ್ಲಿ ಫುಟ್‌ಬಾಲ್ ವಿಶ್ವಕಪ್ ಫೈನಲ್. ಅರ್ಜೆಂಟೀನಾ ಗೆದ್ದಿತು, ಮೆಸ್ಸಿ ಕಪ್ ಎತ್ತಿದರು. ಜಗತ್ತೆಲ್ಲ ನೋಡಿದ ಫಲಿತಾಂಶ ಅದು. ಆದರೆ ಬ್ರಿಟನ್‌ನಂಥ, ಬೆಟ್ಟಿಂಗ್‌ಗೆ ಕಾನೂನಿನ ಅನುಮತಿ ಇರುವ ದೇಶಗಳಲ್ಲಿ 'ಪಂದ್ಯದ ಫಲಿತಾಂಶ: ಅರ್ಜೆಂಟೀನಾ' ಎಂದು ಹಣ ಹಾಕಿದ್ದವರು ಅಂದು ಸೋತರು. ಗೆದ್ದಿದ್ದು 'ಡ್ರಾ' ಎಂದು ಹಾಕಿದ್ದವರು. ಏಕೆಂದರೆ 90 ನಿಮಿಷದ ಆಟ ಮುಗಿದಾಗ ಸ್ಕೋರ್ 2-2 ಆಗಿತ್ತು. ಬುಕ್ಕಿಯ ಪುಸ್ತಕದಲ್ಲಿ ಪಂದ್ಯ ಮುಗಿದದ್ದು ಅಲ್ಲಿಗೇ. ಆಮೇಲಿನ ಹೆಚ್ಚುವರಿ ಸಮಯ, 3-3, ಪೆನಾಲ್ಟಿಯ 4-2 ಇವೆಲ್ಲ ಕಪ್‌ಗೆ ಸೇರಿದ್ದೇ ಹೊರತು ಆ ಬಾಜಿಗೆ ಸೇರಿದ್ದಲ್ಲ.

ಬೆಟ್ಟಿಂಗ್ ಎಂದರೆ 'ಯಾರು ಗೆಲ್ಲುತ್ತಾರೆ ಹೇಳು' ಎಂಬ ಸರಳ ಪಂಥ ಎಂದು ಅನೇಕರು ತಿಳಿದಿದ್ದಾರೆ. ಅದು ಹಾಗಿಲ್ಲ. ಯಾವ ಗಳಿಗೆಯ ಫಲಿತಾಂಶವನ್ನು ಲೆಕ್ಕಕ್ಕೆ ಹಿಡಿಯಬೇಕು, ಅದನ್ನು ಘೋಷಿಸುವವರು ಯಾರು, ಆಟ ಅರ್ಧಕ್ಕೆ ನಿಂತರೆ ಏನು ಎಂಬ ನಿಯಮಗಳೇ ಹಣದ ಹಣೆಬರಹ ಬರೆಯುತ್ತವೆ. ಈ ನಿಯಮಗಳು ಆಟದಿಂದ ಆಟಕ್ಕೆ ಬೇರೆ, ಕೆಲವೊಮ್ಮೆ ಕಂಪನಿಯಿಂದ ಕಂಪನಿಗೆ ಬೇರೆ.

ದರದಲ್ಲೇ ಅಡಗಿರುವ ಪಾಲು

ಮೊದಲು ದರದ ಲೆಕ್ಕ. ಇದನ್ನು ಇಂಗ್ಲಿಷ್‌ನಲ್ಲಿ ಆಡ್ಸ್ ಎನ್ನುತ್ತಾರೆ, ಮುಂಬೈ-ದೆಹಲಿಯ ಬುಕ್ಕಿಗಳ ಬಾಯಲ್ಲಿ 'ಭಾವ್'. ಬ್ರಿಟನ್‌ನ ಹಳೆಯ ಪದ್ಧತಿಯಲ್ಲಿ 5/2 ಎಂದು ಬರೆದರೆ, 2 ರೂಪಾಯಿ ಹಾಕಿದವನಿಗೆ 5 ರೂಪಾಯಿ ಲಾಭ, ಜೊತೆಗೆ ಹಾಕಿದ 2 ರೂಪಾಯಿ ವಾಪಸ್. ಅದನ್ನೇ ಯುರೋಪಿನಲ್ಲಿ 3.50 ಎನ್ನುತ್ತಾರೆ, ಅಂದರೆ 1 ರೂಪಾಯಿಗೆ ಒಟ್ಟು ಮೂರೂವರೆ ಕೈಗೆ ಬರುತ್ತದೆ. ಅಮೆರಿಕದಲ್ಲಿ ಅದೇ +250. ಬರೆಯುವ ರೀತಿ ಮೂರು, ಹಣ ಒಂದೇ.

ಮುಖ್ಯವಾದ ಸಂಗತಿ ಬೇರೆ ಇದೆ. ಎರಡು ಸಮಬಲದ ತಂಡಗಳು ಆಡುತ್ತಿವೆ ಎನ್ನಿ. ನ್ಯಾಯವಾಗಿ ನೋಡಿದರೆ ಇಬ್ಬರಿಗೂ ದರ 2.00 ಇರಬೇಕು. ಬುಕ್ಕಿ ಕೊಡುವುದು 1.90. ಒಬ್ಬ ಈ ಕಡೆ 100, ಇನ್ನೊಬ್ಬ ಆ ಕಡೆ 100 ಹಾಕಿದರೆ ಬುಕ್ಕಿಯ ಕೈಗೆ 200 ಬಂತು. ಯಾರೇ ಗೆಲ್ಲಲಿ, ಅವನು ಕೊಡಬೇಕಾದದ್ದು 190. ಉಳಿದ 10 ರೂಪಾಯಿಗೆ ಅವನು ಕ್ರಿಕೆಟ್ ನೋಡುವ ಅಗತ್ಯವೂ ಇಲ್ಲ. 1.90ರ ದರದಲ್ಲಿ ಆಡುವವನು ಲಾಭ-ನಷ್ಟ ಎರಡೂ ಇಲ್ಲದೆ ನಿಲ್ಲಬೇಕಾದರೆ 100ರಲ್ಲಿ ಸುಮಾರು 53 ಸಲ ಸರಿ ಹೇಳಬೇಕು. ನಾಣ್ಯ ಚಿಮ್ಮಿದರೆ 50 ಸಲ ಸರಿಯಾಗುತ್ತದೆ. ಆ ಮೂರರ ಅಂತರದಲ್ಲೇ ಈ ಇಡೀ ಉದ್ಯಮ ನಿಂತಿದೆ.

'ಐದು ಪಂದ್ಯ ಜೋಡಿಸಿ, 500 ಹಾಕಿ, ಲಕ್ಷ ಗೆಲ್ಲಿ' ಎಂಬಂಥ ಆಮಿಷಗಳ ಹಿಂದಿನ ಲೆಕ್ಕವೂ ಇದೇ. ಹಲವು ಪಂದ್ಯಗಳ ಬಾಜಿಯನ್ನು ಒಂದಕ್ಕೊಂದು ಕಟ್ಟಿದರೆ ದರಗಳು ಗುಣಿಸಿಕೊಳ್ಳುತ್ತವೆ, ಆದರೆ ಬುಕ್ಕಿಯ ಪಾಲೂ ಗುಣಿಸಿಕೊಳ್ಳುತ್ತದೆ. 1.90ರ ನಾಲ್ಕು ಪಂದ್ಯ ಜೋಡಿಸಿದರೆ ಸಿಗುವ ದರ 13.03. ನ್ಯಾಯವಾದ ದರ 16. ಅಂದರೆ ನೂರರಲ್ಲಿ ಸುಮಾರು ಹದಿನೆಂಟೂವರೆ ರೂಪಾಯಿ ಮೊದಲೇ ಹೋಯಿತು. ನಾಲ್ಕರಲ್ಲಿ ಒಂದು ತಪ್ಪಿದರೆ ಪೂರ್ತಿ ಹಣ ಹೋಗುತ್ತದೆ. ಒಂದು ಪಂದ್ಯ ರದ್ದಾದರೆ ಮಾತ್ರ ಅದರ ದರವನ್ನು 1.00 ಎಂದು ಹಿಡಿದು ಉಳಿದವನ್ನು ಮುಂದುವರಿಸುತ್ತಾರೆ.

ರೇಸ್ ಕೋರ್ಸ್: ಟೋಟ್‌ನ ದಾರಿಯೇ ಬೇರೆ

ಮುಂಬೈನ ಮಹಾಲಕ್ಷ್ಮಿ, ಪುಣೆ, ಹೈದರಾಬಾದಿನ ಮಲಕ್‌ಪೇಟೆ, ದೆಹಲಿ. ಈ ಊರುಗಳಲ್ಲಿರುವ ಕನ್ನಡಿಗರು ರೇಸ್ ಕೋರ್ಸ್ ಪಕ್ಕ ಹಾದುಹೋಗದೆ ಇರಲಾರರು. ದೆಹಲಿಯ ರೇಸ್ ಕೋರ್ಸ್ ರಸ್ತೆಗೆ 2016ರಲ್ಲಿ ಲೋಕ ಕಲ್ಯಾಣ ಮಾರ್ಗ ಎಂದು ಹೆಸರಿಟ್ಟರೂ ಕುದುರೆಗಳೇನೂ ಮನೆ ಬದಲಿಸಲಿಲ್ಲ. ಬೆಂಗಳೂರು, ಮೈಸೂರಿನಲ್ಲಂತೂ ರೇಸ್ ಎಂದರೆ ಅಜ್ಜನ ಕಾಲದ ಮಾತು. ನಮ್ಮ ದೇಶದಲ್ಲಿ ಕ್ರೀಡೆಯೊಂದರ ಮೇಲೆ ಕಾನೂನುಬದ್ಧವಾಗಿ ಹಣ ಕಟ್ಟುವ ಜಾಗ ಮುಖ್ಯವಾಗಿ ಇದೇ. ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿ ನೋಡಬಹುದು.

ರೇಸ್ ಕೋರ್ಸ್‌ನಲ್ಲಿ ಎರಡು ದಾರಿ. ಒಂದು, ಲೈಸೆನ್ಸ್ ಪಡೆದ ಬುಕ್ಕಿ. ಅವನು ಹೇಳಿದ ದರಕ್ಕೆ ನೀವು ಒಪ್ಪಿ ಚೀಟಿ ತೆಗೆದುಕೊಂಡರೆ ದರ ಅಲ್ಲಿಗೆ ನಿಂತಿತು. ಆಮೇಲೆ ಏರಿದರೂ ಇಳಿದರೂ ನಿಮಗೆ ಸಂಬಂಧವಿಲ್ಲ. ಇನ್ನೊಂದು ಟೋಟ್. ಇಲ್ಲಿ ನಿಮ್ಮ ಎದುರಾಳಿ ಬುಕ್ಕಿಯಲ್ಲ, ಪಕ್ಕದಲ್ಲಿ ಕ್ಯೂ ನಿಂತ ಜನ. ಎಲ್ಲರ ಹಣ ಒಂದು ರಾಶಿಗೆ ಬೀಳುತ್ತದೆ. ಕ್ಲಬ್ಬಿನ ಪಾಲು ಕಳೆದು ಉಳಿದದ್ದನ್ನು ಗೆದ್ದ ಟಿಕೆಟ್‌ಗಳಿಗೆ ಹಂಚುತ್ತಾರೆ. ಈ ಪದ್ಧತಿಯನ್ನು 1860ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಕಂಡುಹಿಡಿದವರು ಜೋಸೆಫ್ ಒಲ್ಲೆ. ಮುಂದೆ ಮೂಲಾಂ ರೂಜ್ ಎಂಬ ಪ್ರಸಿದ್ಧ ನೃತ್ಯಶಾಲೆಯನ್ನು ಕಟ್ಟಿದವರಲ್ಲಿ ಇವರೂ ಒಬ್ಬರು. ಲೆಕ್ಕ ಹಾಕುವ ಯಂತ್ರ ಬಂದದ್ದು 1913ರಲ್ಲಿ, ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ.

ಸುಲಭ ಲೆಕ್ಕ ಒಂದು ನೋಡಿ. ವಿನ್ ರಾಶಿಯಲ್ಲಿ 1 ಲಕ್ಷ ರೂ. ಬಿದ್ದಿದೆ, ಶೇ 20 ಕಡಿತ ಎಂದಿಟ್ಟುಕೊಳ್ಳೋಣ. ಹಂಚಲು ಉಳಿದದ್ದು 80,000. ಗೆದ್ದ ಕುದುರೆಯ ಮೇಲೆ 20,000 ಬಿದ್ದಿದ್ದರೆ 10 ರೂಪಾಯಿ ಟಿಕೆಟ್‌ಗೆ 40 ರೂಪಾಯಿ. ಎಲ್ಲರ ಮೆಚ್ಚಿನ ಕುದುರೆ ಗೆದ್ದು, ಅದರ ಮೇಲೆ 60,000 ಬಿದ್ದಿದ್ದರೆ ಸಿಗುವುದು ಬರೀ 13 ರೂಪಾಯಿ ಚಿಲ್ಲರೆ. ಕಿಟಕಿ ಮುಚ್ಚುವ ತನಕ ಡಿವಿಡೆಂಡ್ ಎಷ್ಟೆಂದು ಯಾರಿಗೂ ಖಚಿತವಾಗಿ ಗೊತ್ತಿರುವುದಿಲ್ಲ. ಬೋರ್ಡಿನ ಮೇಲೆ ಕಾಣುವ ಅಂಕಿ ಆ ಕ್ಷಣದ ಅಂದಾಜು ಅಷ್ಟೇ.

ಬಾಜಿಯ ಬಗೆಗಳೂ ಹಲವು. ವಿನ್ ಎಂದರೆ ಮೊದಲ ಸ್ಥಾನ ಮಾತ್ರ. ಪ್ಲೇಸ್ ಎಂದರೆ ಮೊದಲ ಎರಡರಲ್ಲೋ ಮೂರರಲ್ಲೋ ಬಂದರೆ ಸಾಕು. ಎಷ್ಟು ಸ್ಥಾನ ಎಂಬುದು ಓಡುವ ಕುದುರೆಗಳ ಸಂಖ್ಯೆಯ ಮೇಲೆ ನಿಂತಿದೆ. ಕ್ವಿನೆಲ್ಲಾದಲ್ಲಿ ಮೊದಲ ಎರಡು ಕುದುರೆಗಳನ್ನು ಹೇಳಬೇಕು, ಯಾವುದು ಮುಂದೆ ಬಂದರೂ ನಡೆಯುತ್ತದೆ. ಫೋರ್‌ಕಾಸ್ಟ್‌ನಲ್ಲಿ ಅದೇ ಕ್ರಮದಲ್ಲಿ ಬರಬೇಕು. ಮೊದಲ ಮೂರನ್ನು ಕ್ರಮವಾಗಿ ಹೇಳುವುದು ಬೆಂಗಳೂರಿನಲ್ಲಿ ಟ್ರಿನೆಲ್ಲಾ, ಮುಂಬೈ ಕಡೆ ಟಾನಾಲ. ಜಾಕ್‌ಪಾಟ್‌ಗೆ ಸಾಲಾಗಿ ಹಲವು ರೇಸ್‌ಗಳ ವಿಜೇತರನ್ನು ಹೇಳಬೇಕು. ಪತ್ರಿಕೆಯ ರೇಸ್ ಫಲಿತಾಂಶದ ಕೆಳಗೆ ಜಾಕ್‌ಪಾಟ್ ಎದುರು 'ಶೇ 70', 'ಶೇ 30' ಎಂದು ಎರಡು ಮೊತ್ತ ನೋಡಿರಬಹುದು. ಮೊದಲನೆಯದು ಎಲ್ಲವನ್ನೂ ಸರಿ ಹೇಳಿದವರ ರಾಶಿ, ಎರಡನೆಯದು ಸ್ವಲ್ಪದರಲ್ಲಿ ತಪ್ಪಿಸಿಕೊಂಡವರಿಗೆ ಸಮಾಧಾನಕರ ಪಾಲು.

ಕುದುರೆ ಮೊದಲು ಗೆರೆ ದಾಟಿದ ಮಾತ್ರಕ್ಕೆ ಹಣ ಬರುವುದಿಲ್ಲ. ಜಾಕಿ ಬಂದು ತೂಕದ ಮೇಲೆ ನಿಲ್ಲಬೇಕು. ಅಡ್ಡ ಬಂದರು, ತಳ್ಳಿದರು ಎಂದು ಯಾರಾದರೂ ಆಕ್ಷೇಪ ಎತ್ತಿದರೆ ಸ್ಟೀವರ್ಡ್‌ಗಳು ವಿಡಿಯೊ ನೋಡಿ ತೀರ್ಮಾನಿಸಬೇಕು. ಅವರು ಅಂತಿಮ ಎಂದಮೇಲೆ ಪಾವತಿ. ಟಿಕೆಟ್ ಹರಿದು ಎಸೆದು ಆಮೇಲೆ ನೆಲದಲ್ಲಿ ಹುಡುಕುವವರ ಕಥೆ ರೇಸ್ ಕೋರ್ಸ್‌ಗಳಲ್ಲಿ ಹೊಸದಲ್ಲ.

ಅಮೆರಿಕದ ಕೆಂಟಕಿ ಡರ್ಬಿಯ ಎರಡು ವರ್ಷಗಳನ್ನು ಪಕ್ಕಪಕ್ಕ ಇಟ್ಟರೆ ಈ ನಿಯಮ ಸ್ಪಷ್ಟವಾಗುತ್ತದೆ. 2019ರಲ್ಲಿ ಮ್ಯಾಕ್ಸಿಮಮ್ ಸೆಕ್ಯುರಿಟಿ ಎಂಬ ಕುದುರೆ ಮೊದಲು ಬಂತು. ಇತರ ಕುದುರೆಗಳ ದಾರಿಗೆ ಅಡ್ಡ ಬಂದಿದೆ ಎಂದು ಸುಮಾರು 22 ನಿಮಿಷದ ಪರಿಶೀಲನೆಯ ನಂತರ ಅದನ್ನು ಕೆಳಗಿಳಿಸಿದರು. 65ಕ್ಕೆ 1ರ ದರದ ಕಂಟ್ರಿ ಹೌಸ್ ವಿಜೇತ ಎಂದಾಯಿತು. 2 ಡಾಲರ್ ಟಿಕೆಟ್‌ಗೆ 132.40 ಡಾಲರ್ ಬಂತು. 2021ರಲ್ಲಿ ಗೆದ್ದ ಮೆಡಿನಾ ಸ್ಪಿರಿಟ್ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿತ್ತು. 2022ರ ಫೆಬ್ರುವರಿಯಲ್ಲಿ ಅದರ ಗೆಲುವನ್ನು ಕಿತ್ತು ಎರಡನೆಯ ಸ್ಥಾನದ ಮಂಡಲೂನ್‌ಗೆ ಕೊಟ್ಟರು. ಆದರೆ ಮಂಡಲೂನ್ ಮೇಲೆ ಹಣ ಹಾಕಿದ್ದವರಿಗೆ ಚಿಕ್ಕಾಸೂ ಬರಲಿಲ್ಲ, ಮೆಡಿನಾ ಸ್ಪಿರಿಟ್ ಮೇಲೆ ಗೆದ್ದವರು ಹಿಂತಿರುಗಿಸಬೇಕಾಗಿಯೂ ಬರಲಿಲ್ಲ. ಆ ದಿನ ಫಲಿತಾಂಶ ಅಧಿಕೃತವಾದ ಕ್ಷಣಕ್ಕೆ ಬಾಜಿಯ ಲೆಕ್ಕ ಮುಗಿದಿತ್ತು. ದಾಖಲೆ ಪುಸ್ತಕ ತಿದ್ದಬಹುದು, ಕ್ಯಾಷಿಯರ್ ಕಿಟಕಿ ಮತ್ತೆ ತೆರೆಯುವುದಿಲ್ಲ.

ಓಟಕ್ಕೆ ಮುಂಚೆ ಕುದುರೆ ಹಿಂದೆ ಸರಿದರೆ ಟೋಟ್‌ನಲ್ಲಿ ಆ ಟಿಕೆಟ್ ಹಣ ವಾಪಸ್. ಬ್ರಿಟನ್‌ನ ಬುಕ್ಕಿಗಳಲ್ಲಿ ಇನ್ನೊಂದು ಕೊಂಡಿ ಇದೆ. ಬಲವಾದ ಕುದುರೆ ಹಿಂದೆ ಸರಿದರೆ ಉಳಿದವುಗಳಿಗೆ ಗೆಲ್ಲುವುದು ಸುಲಭವಾಯಿತಲ್ಲ, ಹಾಗಾಗಿ ಗೆದ್ದವರ ಲಾಭದಲ್ಲಿ ಪೌಂಡ್‌ಗೆ 5ರಿಂದ 90 ಪೆನ್ಸ್‌ವರೆಗೆ ಕಡಿತ ಮಾಡುತ್ತಾರೆ.

ಫುಟ್‌ಬಾಲ್: 90 ನಿಮಿಷದ ಗೆರೆ

ಫುಟ್‌ಬಾಲ್‌ನಲ್ಲಿ ಮೇಲೆ ಹೇಳಿದಂತೆ 90 ನಿಮಿಷ ಮತ್ತು ರೆಫರಿ ಸೇರಿಸುವ ಗಾಯದ ಸಮಯ ಮಾತ್ರ ಲೆಕ್ಕಕ್ಕೆ. 'ಕಪ್ ಯಾರಿಗೆ', 'ಮುಂದಿನ ಸುತ್ತಿಗೆ ಯಾರು' ಎಂಬ ಬಾಜಿಗಳು ಬೇರೆ. ಅವುಗಳಿಗೆ ಪೆನಾಲ್ಟಿಯೂ ಸೇರುತ್ತದೆ. ಲುಸೈಲ್‌ನಲ್ಲಿ ಅರ್ಜೆಂಟೀನಾ ಮೇಲೆ ಈ ಬಗೆಯ ಬಾಜಿ ಕಟ್ಟಿದ್ದವರು ಗೆದ್ದರು. ಮೊದಲ ಗೋಲು ಯಾರದು ಎಂಬ ಬಾಜಿಯಲ್ಲಿ ಸ್ವಂತ ಗೋಲನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದರ ನಂತರದ ಗೋಲೇ ಮೊದಲನೆಯದು.

ಏಷ್ಯನ್ ಹ್ಯಾಂಡಿಕ್ಯಾಪ್ ಎಂಬುದು ಹೊಸಬರ ತಲೆ ತಿರುಗಿಸುವ ಬಗೆ. ಬಲವಾದ ತಂಡಕ್ಕೆ ಮೊದಲೇ ಮುಕ್ಕಾಲು ಗೋಲು ಕಳೆದಿಟ್ಟಿದ್ದಾರೆ ಎನ್ನಿ. ಮುಕ್ಕಾಲು ಗೋಲು ಎಂಬುದು ಮೈದಾನದಲ್ಲಿ ಇಲ್ಲ. ನಿಮ್ಮ ಹಣವನ್ನು ಎರಡು ಭಾಗ ಮಾಡಿ ಅರ್ಧವನ್ನು ಅರ್ಧ ಗೋಲಿನ ಮೇಲೆ, ಅರ್ಧವನ್ನು ಒಂದು ಗೋಲಿನ ಮೇಲೆ ಹಾಕಿದಂತೆ. ತಂಡ ಒಂದೇ ಗೋಲಿನಿಂದ ಗೆದ್ದರೆ ಅರ್ಧ ಹಣಕ್ಕೆ ಲಾಭ ಬರುತ್ತದೆ, ಉಳಿದರ್ಧ ಹಾಗೇ ವಾಪಸಾಗುತ್ತದೆ.

ಕ್ರಿಕೆಟ್: ಮಳೆ, ಟೈ, ಸೂಪರ್ ಓವರ್

ಕ್ರಿಕೆಟ್‌ನಲ್ಲಿ ತಕರಾರು ಹುಟ್ಟುವುದೇ ಮಳೆಯಿಂದ. ಏಕದಿನ ಪಂದ್ಯಕ್ಕೆ ಫಲಿತಾಂಶ ಬರಬೇಕಾದರೆ ಎರಡನೇ ತಂಡ ಕನಿಷ್ಠ 20 ಓವರ್, ಟಿ20ಯಲ್ಲಿ 5 ಓವರ್ ಆಡಿರಬೇಕು. ಅಷ್ಟಾಗಿದ್ದರೆ ಡಕ್ವರ್ತ್-ಲೂಯಿಸ್-ಸ್ಟರ್ನ್ ಲೆಕ್ಕದ ಫಲಿತಾಂಶವೇ ಬಾಜಿಗೂ ಫಲಿತಾಂಶ. ಆಗದಿದ್ದರೆ ಪಂದ್ಯದ ಬಾಜಿ ರದ್ದು, ಹಣ ವಾಪಸ್.

2019ರ ಏಪ್ರಿಲ್ 30ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಆರ್‌ಸಿಬಿ-ರಾಜಸ್ಥಾನ ಪಂದ್ಯ ನೆನಪಿರಬಹುದು. ಮಳೆಯಿಂದ ತಲಾ 5 ಓವರ್‌ಗೆ ಇಳಿದ ಆಟ. ನಮ್ಮ ಶ್ರೇಯಸ್ ಗೋಪಾಲ್ ರಾಜಸ್ಥಾನದ ಪರ ಆಡುತ್ತ ಕೊಹ್ಲಿ, ಡಿವಿಲಿಯರ್ಸ್, ಸ್ಟೊಯಿನಿಸ್ ಅವರನ್ನು ಹ್ಯಾಟ್ರಿಕ್‌ನಲ್ಲಿ ಕೆಡವಿದರು. ಆರ್‌ಸಿಬಿ 62 ರನ್ ಮಾಡಿತು. ರಾಜಸ್ಥಾನ 3.2 ಓವರ್‌ನಲ್ಲಿ 1 ವಿಕೆಟ್‌ಗೆ 41 ಮಾಡಿದಾಗ ಮತ್ತೆ ಮಳೆ. ಫಲಿತಾಂಶವಿಲ್ಲ. ಹ್ಯಾಟ್ರಿಕ್ ದಾಖಲೆಗೆ ಸೇರಿತು, ಪಂದ್ಯ ಯಾರದ್ದೂ ಆಗಲಿಲ್ಲ. ವಿದೇಶಿ ಬುಕ್ಕಿಗಳ ಸಾಮಾನ್ಯ ನಿಯಮದ ಪ್ರಕಾರ ಇಂಥ ಕಡೆ 'ಯಾರು ಗೆಲ್ಲುತ್ತಾರೆ' ಎಂಬ ಬಾಜಿ ರದ್ದಾಗುತ್ತದೆ. ಆದರೆ 'ಮೊದಲ ಓವರ್‌ನಲ್ಲಿ ಎಷ್ಟು ರನ್' ಎಂಬಂತೆ ಆಗಲೇ ತೀರ್ಮಾನವಾಗಿರುವ ಬಾಜಿಗಳು ಉಳಿಯುತ್ತವೆ. ಹಾಗಾಗಿ ಒಂದೇ ಪಂದ್ಯದ ಮೇಲೆ ನಾಲ್ಕು ಬಾಜಿ ಕಟ್ಟಿದವನಿಗೆ ಎರಡು ವಾಪಸ್, ಒಂದು ಗೆಲುವು, ಒಂದು ಸೋಲು ಬಂದರೂ ಆಶ್ಚರ್ಯವಿಲ್ಲ.

ಅದೇ ವರ್ಷದ ವಿಶ್ವಕಪ್ ಫೈನಲ್‌ನಲ್ಲಿ ಇಂಗ್ಲೆಂಡ್, ನ್ಯೂಜಿಲೆಂಡ್ ತಲಾ 241. ಸೂಪರ್ ಓವರ್‌ನಲ್ಲೂ 15-15. ಬೌಂಡರಿ ಲೆಕ್ಕದಲ್ಲಿ 26-17ರಿಂದ ಇಂಗ್ಲೆಂಡ್‌ಗೆ ಕಪ್. ಫುಟ್‌ಬಾಲ್ ನಿಯಮ ಹಾಕಿದ್ದರೆ ಇದು ಟೈ. ಆದರೆ ಕ್ರಿಕೆಟ್‌ನಲ್ಲಿ ಸೂಪರ್ ಓವರ್ ಸೇರಿದ ಅಧಿಕೃತ ಫಲಿತಾಂಶವನ್ನೇ ಹಿಡಿಯುವುದು ರೂಢಿ. ಆದ್ದರಿಂದ ಇಂಗ್ಲೆಂಡ್ ಮೇಲೆ ಹಾಕಿದವರಿಗೆ ಹಣ ಬರುತ್ತದೆ. 'ಪಂದ್ಯ ಟೈ ಆಗುತ್ತದೆ' ಎಂದು ಪ್ರತ್ಯೇಕವಾಗಿ ಹಾಕಿದವರಿಗೂ ಬರುತ್ತದೆ. ಟೆಸ್ಟ್ ಪಂದ್ಯದಲ್ಲಿ ಡ್ರಾ ಎಂಬುದು ಮೂರನೆಯ ಆಯ್ಕೆ. ಡ್ರಾ ಆದರೆ ತಂಡಗಳ ಮೇಲೆ ಹಾಕಿದ ಹಣ ವಾಪಸಿಲ್ಲ, ಸೋತಂತೆ.

ಇಬ್ಬರು ಸಮನಾಗಿ ನಿಂತರೆ? ತಂಡದ ಗರಿಷ್ಠ ರನ್ ಯಾರದು ಎಂಬ ಬಾಜಿಯಲ್ಲಿ ಇಬ್ಬರೂ 60 ಹೊಡೆದರು ಎನ್ನಿ. 5.00 ದರಕ್ಕೆ 100 ರೂ. ಹಾಕಿದವನಿಗೆ 500 ಬರುವುದಿಲ್ಲ. ಹಾಕಿದ ಹಣವನ್ನು ಎರಡು ಪಾಲು ಮಾಡುತ್ತಾರೆ: 50 ಗೆದ್ದಂತೆ, 50 ಸೋತಂತೆ. ಕೈಗೆ 250. ಗಾಲ್ಫ್‌ನಲ್ಲಿ, ಕುದುರೆ ರೇಸಿನ ಡೆಡ್ ಹೀಟ್‌ನಲ್ಲಿ ಕೂಡ ಇದೇ ಕ್ರಮ.

ಇನ್ನು ಮೋಸದ ಆಟ. 2000ದ ಜನವರಿಯಲ್ಲಿ ಸೆಂಚೂರಿಯನ್ ಟೆಸ್ಟ್‌ನಲ್ಲಿ ದಕ್ಷಿಣ ಆಫ್ರಿಕಾ ನಾಯಕ ಹ್ಯಾನ್ಸಿ ಕ್ರೋನಿಯೆ ಮಳೆಯಲ್ಲಿ ಕೊಚ್ಚಿಹೋಗಿದ್ದ ಪಂದ್ಯಕ್ಕೆ ಜೀವ ತರಲು ಇನಿಂಗ್ಸ್ ಬಿಟ್ಟುಕೊಟ್ಟರು. ಇಂಗ್ಲೆಂಡ್ 2 ವಿಕೆಟ್‌ಗಳಿಂದ ಗೆದ್ದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅದರ ಹಿಂದೆ ಬುಕ್ಕಿಯ ಹಣವಿತ್ತು ಎಂದು ತಿಳಿದದ್ದು ಆಮೇಲೆ, ದೆಹಲಿ ಪೊಲೀಸರು ಬೇರೊಂದು ಪ್ರಕರಣದಲ್ಲಿ ಕ್ರೋನಿಯೆ ಅವರ ಫೋನ್ ಮಾತುಕತೆ ಬಯಲಿಗೆಳೆದ ನಂತರ. ಪಂದ್ಯದ ಫಲಿತಾಂಶ ಇಂದಿಗೂ ದಾಖಲೆಯಲ್ಲಿ ಹಾಗೇ ಇದೆ.

ಟೆನಿಸ್, ಎಫ್1: ನಿಯಮ ಓದದವನ ಪಾಡು

ಟೆನಿಸ್‌ನಲ್ಲಿ ಆಟಗಾರ ಗಾಯಗೊಂಡು ಅರ್ಧಕ್ಕೆ ನಿಂತರೆ ಏನು ಎಂಬುದಕ್ಕೆ ಎಲ್ಲರೂ ಒಪ್ಪಿದ ಉತ್ತರವಿಲ್ಲ. ಒಂದು ಎಸೆತ ಆಡಿದರೂ ಬಾಜಿ ಊರ್ಜಿತ ಎನ್ನುವ ಕಂಪನಿಗಳಿವೆ. ಒಂದು ಸೆಟ್ ಮುಗಿದಿರಬೇಕು ಎನ್ನುವವರಿದ್ದಾರೆ. ಪಂದ್ಯ ಪೂರ್ತಿಯಾಗಲೇಬೇಕು ಎನ್ನುವವರೂ ಇದ್ದಾರೆ. 2021ರ ವಿಂಬಲ್ಡನ್ ಮೊದಲ ಸುತ್ತಿನಲ್ಲಿ ಸೆರೆನಾ ವಿಲಿಯಮ್ಸ್ ಮೊದಲ ಸೆಟ್ 3-3 ಇದ್ದಾಗ ಕಣ್ಣೀರಿಡುತ್ತ ಅಂಗಳ ಬಿಟ್ಟರು. ಮೊದಲ ನಿಯಮದವರ ಬಳಿ ಸೆರೆನಾ ಮೇಲಿನ ಹಣ ಹೋದಂತೆ, ಎರಡನೆಯ ಮತ್ತು ಮೂರನೆಯ ನಿಯಮದವರ ಬಳಿ ವಾಪಸ್. ಪಂದ್ಯ ಒಂದೇ, ಕಣ್ಣೀರೂ ಒಂದೇ.

ಎಫ್1ನಲ್ಲಿ ಸಾಮಾನ್ಯವಾಗಿ ಪೋಡಿಯಂ ಮೇಲೆ ನಿಂತವರೇ ಬಾಜಿಯ ವಿಜೇತರು. 2024ರ ಬೆಲ್ಜಿಯಂ ಗ್ರ್ಯಾನ್ ಪ್ರಿಯಲ್ಲಿ ಜಾರ್ಜ್ ರಸೆಲ್ ಗೆದ್ದು ಟ್ರೋಫಿ ಎತ್ತಿದ ಬಳಿಕ ಕಾರು ಒಂದೂವರೆ ಕಿಲೊ ಕಡಿಮೆ ತೂಗಿತು ಎಂದು ಅನರ್ಹರಾದರು. ಗೆಲುವು ಹ್ಯಾಮಿಲ್ಟನ್‌ಗೆ ಹೋಯಿತು. ಪೋಡಿಯಂ ನಿಯಮದ ಪ್ರಕಾರ ಹಣ ಮಾತ್ರ ರಸೆಲ್ ಬೆಂಬಲಿಗರಿಗೇ.

ನಮ್ಮ ದೇಶದಲ್ಲಿ ಚುಕ್ತಾ ಮಾಡಿಸುವವರು ಯಾರು?

ಜೂಜು, ಬಾಜಿ ಸಂವಿಧಾನದ ಪ್ರಕಾರ ರಾಜ್ಯಗಳ ಪಟ್ಟಿಯಲ್ಲಿವೆ. ಕುದುರೆ ರೇಸ್ ಹೇಗೆ ಬದುಕುಳಿಯಿತು ಎಂಬುದಕ್ಕೆ ಚೆನ್ನೈಗೆ ಹೋಗಬೇಕು. ತಮಿಳುನಾಡು ಸರ್ಕಾರ 1974ರಲ್ಲಿ ರೇಸ್ ನಿಲ್ಲಿಸಲು ಕಾನೂನು ತಂದಿತು, 1986ರಲ್ಲಿ ಮದ್ರಾಸ್ ರೇಸ್ ಕ್ಲಬ್ಬನ್ನೇ ವಶಕ್ಕೆ ಪಡೆಯಲು ಮತ್ತೊಂದು ಕಾನೂನು ಮಾಡಿತು. ಪ್ರಕರಣ ಸುಪ್ರೀಂ ಕೋರ್ಟ್ ತಲುಪಿತು. ಕುದುರೆ ರೇಸ್ ಅದೃಷ್ಟದಾಟವಲ್ಲ, ಮುಖ್ಯವಾಗಿ ಕೌಶಲದ ಆಟ ಎಂದು ಕೋರ್ಟ್ 1996ರಲ್ಲಿ ಹೇಳಿತು. ಕ್ರಿಕೆಟ್, ಫುಟ್‌ಬಾಲ್ ಬೆಟ್ಟಿಂಗ್‌ಗೆ ಇಂಥ ರಕ್ಷಣೆ ಸಿಕ್ಕಿಲ್ಲ.

ಆದರೆ ರೇಸ್ ಆಡುವವರ ಮೇಲೆ ತೆರಿಗೆಯ ಹೊರೆ ದೊಡ್ಡದು. ಬಾಜಿಯ ಪೂರ್ತಿ ಮೌಲ್ಯದ ಮೇಲಿನ ಜಿಎಸ್‌ಟಿ ಶೇ 28 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ 40 ಆಗಿದೆ. ಇದು ಕ್ಲಬ್ಬಿನ ಕಮಿಷನ್ ಮೇಲಲ್ಲ, ಹಾಕುವ ಹಣದ ಮೇಲೆ. ಅಂದರೆ ಕುದುರೆ ಗೇಟು ಬಿಡುವ ಮೊದಲೇ ಸರ್ಕಾರ ಗೆದ್ದಾಗಿದೆ. ಗೆಲುವು 10,000 ರೂ. ಮೀರಿದರೆ ಶೇ 30ರಷ್ಟು ಆದಾಯ ತೆರಿಗೆ ಅಲ್ಲೇ ಕಡಿತ. ಅದಕ್ಕಿಂತ ಕಡಿಮೆ ಇದ್ದರೂ ತೆರಿಗೆ ಇದ್ದೇ ಇದೆ, ರಿಟರ್ನ್‌ನಲ್ಲಿ ತೋರಿಸಬೇಕು. ಮಧ್ಯಾಹ್ನ 50,000 ಸೋತು ಸಂಜೆ 40,000 ಗೆದ್ದವನು 'ಒಟ್ಟಿನಲ್ಲಿ ಸೋತಿದ್ದೇನೆ' ಎನ್ನುವಂತಿಲ್ಲ. ಆ ಸೋಲನ್ನು ಈ ಗೆಲುವಿನಿಂದ ಕಳೆಯಲು ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ.

ಮೊಬೈಲ್ ಆ್ಯಪ್‌ಗಳ ಕಥೆ ಬೇರೆ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೌಶಲ-ಅದೃಷ್ಟದ ಭೇದವಿಲ್ಲದೆ ನಿಷೇಧಿಸುತ್ತದೆ. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂ.ವರೆಗೆ ದಂಡ, ಜಾಹೀರಾತು ಮಾಡಿದವರಿಗೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಈ ಕಾಯ್ದೆಯಡಿ ಆಡುವವನಿಗೆ ಶಿಕ್ಷೆ ಇಲ್ಲ. ಕಾಯ್ದೆಯನ್ನು ಪ್ರಶ್ನಿಸಿ ಕರ್ನಾಟಕ ಸೇರಿ ಹಲವು ಹೈಕೋರ್ಟ್‌ಗಳಿಗೆ ಹೋಗಿದ್ದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ತನ್ನ ಬಳಿಗೆ ವರ್ಗಾಯಿಸಿಕೊಂಡಿತು.

ಅಕ್ರಮ ಆ್ಯಪ್‌ನಲ್ಲಿ ಮೇಲೆ ಹೇಳಿದ ಯಾವ ನಿಯಮವೂ ನಿಮ್ಮ ನೆರವಿಗೆ ಬರುವುದಿಲ್ಲ. ಗೆದ್ದ ಹಣ ತೆಗೆಯಲು ಹೋದರೆ ಖಾತೆ ಸ್ಥಗಿತವಾಗಬಹುದು, 'ಮೊದಲು ತೆರಿಗೆ ಕಟ್ಟಿ' ಎಂದು ಮತ್ತಷ್ಟು ಕೇಳಬಹುದು. ದೂರು ಕೊಡೋಣವೆಂದರೆ 1872ರ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ ಬಾಜಿಯ ಒಪ್ಪಂದ ಅನೂರ್ಜಿತ. ಗೆದ್ದ ಹಣ ಕೊಡಿಸಿ ಎಂದು ಕೋರ್ಟಿಗೆ ಹೋಗುವಂತಿಲ್ಲ. ಈ ಕಲಮು ಎರಡು ಕಡೆಗೂ ಕತ್ತರಿಸುತ್ತದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಬುಕ್ಕಿಗೆ ಸೋತ ಬಾಕಿಯನ್ನೂ ಕೋರ್ಟ್ ಮೂಲಕ ವಸೂಲಿ ಮಾಡಲು ಬರುವುದಿಲ್ಲ. ಅದಕ್ಕೇ ಅಲ್ಲಿ ವಸೂಲಿ ನಡೆಯುವುದು ಫೋನ್ ಬೆದರಿಕೆಯಿಂದ, ಮನೆ ಮುಂದೆ ಬಂದು ನಿಲ್ಲುವ ಹುಡುಗರಿಂದ. ಅಂಥ ಬೆದರಿಕೆ ಸ್ವತಂತ್ರ ಅಪರಾಧ. ಬಾಜಿ ಕಟ್ಟಿದ್ದೇನೆ ಎಂಬ ಅಳುಕಿನಿಂದ ಪೊಲೀಸರ ಬಳಿ ಹೋಗದೆ ಸಾಲ ಮಾಡಿ ತೀರಿಸುವವರೇ ಹೆಚ್ಚು ಸಿಕ್ಕಿಬೀಳುವುದು.

ಆ್ಯಪ್ ಹಣ ನುಂಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಆದಷ್ಟು ಬೇಗ ಕರೆ ಮಾಡಬೇಕು. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ದಾಟುತ್ತದೆ. ಆಟ ಬಿಡಲಾಗುತ್ತಿಲ್ಲ, ಮನೆಯವರಿಗೆ ಹೇಳಲಾಗುತ್ತಿಲ್ಲ ಎನ್ನುವವರಿಗೆ ಕೇಂದ್ರ ಸರ್ಕಾರದ ಟೆಲಿ ಮಾನಸ್ 14416 ಇದೆ. ಉಚಿತ, ದಿನದ 24 ಗಂಟೆ, ಕನ್ನಡದಲ್ಲೂ ಮಾತನಾಡಬಹುದು.